ದೂರಿಗೊಂದು ಜಗಲಿ ಬೇಕು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಜನ ಅಧಿಕಾರಕ್ಕೆ ಎದುರು ಮಾತಾಡಿದ ಇತಿಹಾಸ. ಹತ್ತು ಪೋಸ್ಟ್‌ಗಳ ಸರಣಿ.

1/10
ಟ್ಯಾಗ್ ಮಾಡೋ ಮೊದಲು

ಕರೆಂಟು ಹೋಗಿ ಎರಡು ದಿನ ಆಯ್ತು, ಫೋನ್ ಮಾಡಿದರೆ ಯಾರೂ ಎತ್ತೋದಿಲ್ಲ. ಪಹಣಿಯಲ್ಲಿ ಹೆಸರು ತಪ್ಪಾಗಿದೆ, ತಿದ್ದೋಕೆ ಕೊಟ್ಟ ಅರ್ಜಿ ಯಾವ ಟೇಬಲ್ ಮೇಲೆ ಕೂತಿದೆ ಅಂತ ಗೊತ್ತಿಲ್ಲ. ನೆಟ್‌ವರ್ಕ್ ಕಂಪನಿಗೆ ಕರೆ ಮಾಡಿದರೆ "ಒಂದನ್ನು ಒತ್ತಿ, ಎರಡನ್ನು ಒತ್ತಿ" ಅಂತ ಹಾಡು ಕೇಳಿಸಿ ಲೈನ್ ಕಟ್.

ಆಗ ನೀವೇನು ಮಾಡ್ತೀರಿ? ಗುಡ್ಡ ಹತ್ತಿಯೋ, ಪೇಟೆಗೆ ಬಂದೋ ಸಿಗ್ನಲ್ ಹಿಡೀತೀರಿ. ಸಿಟ್ಟಲ್ಲಿ ನಾಲ್ಕು ಸಾಲು ಬರೀತೀರಿ. ಇಲಾಖೆಗೊಂದು ಟ್ಯಾಗ್, ಶಾಸಕರಿಗೊಂದು ಟ್ಯಾಗ್. ನೂರು ಲೈಕ್ ಬರುತ್ತೆ. "ನಮ್ಮೂರಲ್ಲೂ ಇದೇ ಕಥೆ ಮಾರಾಯ್ರೆ" ಅಂತ ಇಪ್ಪತ್ತು ಕಮೆಂಟು. ಸಂಜೆಯೊಳಗೆ ಮನೆಯವರೇ ಒಬ್ಬರು ಹೇಳ್ತಾರೆ: "ಡಿಲೀಟ್ ಮಾಡು, ಸುಮ್ನೆ ಕೇಸು ಗೀಸು ಆದೀತು."

ಈ ಸರಣಿಯಲ್ಲಿ ಕೇಳಿಕೊಳ್ಳೋದು ಎರಡೇ ಪ್ರಶ್ನೆ. ಹೀಗೆ ಬರೆಯೋ ಸ್ವಾತಂತ್ರ್ಯ ನಮಗೆ ಎಲ್ಲಿಂದ ಬಂತು, ಅದು ಎಷ್ಟು ಗಟ್ಟಿ? ಮತ್ತೆ, ಬರೆದ ಮಾತು ಯಾವಾಗ ಕೆಲಸ ಮಾಡುತ್ತೆ, ಯಾವಾಗ ಗಾಳಿಗೆ ಹೋಗುತ್ತೆ?

ಉತ್ತರಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಮೂರು ತಾಲೂಕುಗಳಲ್ಲೇ ಸುಮಾರು ಇನ್ನೂರು ವರ್ಷದ ದೂರುಗಳ ಇತಿಹಾಸ ಇದೆ. ಕೆಲವು ಗೆದ್ದಿವೆ, ಕೆಲವು ಇನ್ನೂ ಬಾಗಿಲಲ್ಲೇ ನಿಂತಿವೆ. ಒಂದೊಂದಾಗಿ ನೋಡೋಣ.

2/10
ಮೂರು ರಾಜಧಾನಿ, ಒಂದೇ ದೂರ

1799ರಲ್ಲಿ ಟಿಪ್ಪು ಸತ್ತ ಮೇಲೆ ನಮ್ಮ ಸೀಮೆ ಕಂಪನಿ ಸರ್ಕಾರದ ಕೈಗೆ ಹೋಯಿತು. ಕೆನರಾ ಅನ್ನೋ ದೊಡ್ಡ ಜಿಲ್ಲೆ, ಅದಕ್ಕೆ ಮೊದಲ ಕಲೆಕ್ಟರ್ ಥಾಮಸ್ ಮನ್ರೋ. ರಾಜಧಾನಿ ಮದ್ರಾಸು. ಆಮೇಲೆ ಜಿಲ್ಲೆಯನ್ನು ಎರಡು ಭಾಗ ಮಾಡಿದರು, 1862ರಲ್ಲಿ ಉತ್ತರದ ಭಾಗವನ್ನು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು, ಕಾರವಾರ ಜಿಲ್ಲಾ ಕೇಂದ್ರ ಆಯಿತು. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ, ರಾಜಧಾನಿ ಬೆಂಗಳೂರು.

ಅಂದ್ರೆ ನೋಡಿ, ಒಂದೇ ಊರಿನ ಒಂದೇ ಮನೆತನದವರು ಮದ್ರಾಸಿಗೆ, ಮುಂಬಯಿಗೆ, ಬೆಂಗಳೂರಿಗೆ ಹೀಗೆ ಮೂರು ರಾಜಧಾನಿಗೆ ಅರ್ಜಿ ಬರೆದವರು! ರಾಜಧಾನಿ ಬದಲಾಯಿತು, ದೂರ ಮಾತ್ರ ಕಮ್ಮಿ ಆಗಲಿಲ್ಲ. ಇವತ್ತಿಗೂ ಶಿರಸಿಯಿಂದ ಕಾರವಾರದ ಕಚೇರಿಗೆ ಹೋಗಬೇಕು ಅಂದ್ರೆ ಘಟ್ಟ ಇಳಿದು ನೂರು ಕಿಲೋಮೀಟರ್ ದಾಟಬೇಕು. ಹೋದ ದಿನ ಸಾಹೇಬ್ರು ಮೀಟಿಂಗಲ್ಲಿ ಇದ್ದರೆ ಒಂದು ದಿನದ ಕೂಲಿ, ಬಸ್ ಚಾರ್ಜು, ಊಟದ ಖರ್ಚು ಎಲ್ಲ ಹೋದ ಹಾಗೆ. ಪ್ರತ್ಯೇಕ ಶಿರಸಿ ಜಿಲ್ಲೆ ಬೇಕು ಅನ್ನೋ ಕೂಗಿನ ಹಿಂದೆ ಈ ಲೆಕ್ಕವೂ ಇದೆ.

ಕಂಪನಿ ಕಾಲದಲ್ಲೇ ಕೆನರಾದ ರೈತರು ಒಂದು ದಾರಿ ಕಂಡುಕೊಂಡಿದ್ದರು. 1830–31ರಲ್ಲಿ ಬೆಳೆಯ ಬೆಲೆ ಬಿದ್ದಿತ್ತು, ಕಂದಾಯ ಇಳಿದಿರಲಿಲ್ಲ. ಮುಖ್ಯವಾಗಿ ಜಿಲ್ಲೆಯ ದಕ್ಷಿಣ ಭಾಗದಲ್ಲಿ ರೈತರು ಗುಂಪು ಗುಂಪಾಗಿ ಸೇರಿ, ಅಹವಾಲು ಹೇಳಿ, ಕಂದಾಯ ಕೊಡೋದಿಲ್ಲ ಅಂತ ನಿಂತರು. ಆ ಗುಂಪುಗಳಿಗೆ "ಕೂಟ" ಅಂತಲೇ ಹೆಸರು.

ಒಬ್ಬನೇ ಹೋದರೆ ಸಾಹೇಬ್ರು ಸಿಗೋದಿಲ್ಲ, ಕೂಟ ಹೋದರೆ ಸಿಗ್ತಾರೆ. ಈ ಪಾಠ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

3/10
ಬೆಟ್ಟದ ಸೊಪ್ಪು ಮತ್ತು ಗಾರ್ಡ್ ಸಾಹೇಬ್ರು

ಅಡಿಕೆ ತೋಟ ನೋಡಿದವರಿಗೆ ಗೊತ್ತು, ತೋಟ ಅಂದ್ರೆ ಬರೀ ತೋಟ ಅಲ್ಲ. ಮೇಲಿನ ಬೆಟ್ಟದಿಂದ ಸೊಪ್ಪು, ದರಕು ಬರಬೇಕು. ಅದು ಕೊಟ್ಟಿಗೆಗೆ ಹೋಗಿ ಗೊಬ್ಬರ ಆಗಬೇಕು, ಆ ಗೊಬ್ಬರ ಮರದ ಬುಡಕ್ಕೆ. ಬೆಟ್ಟ ನಿಂತರೆ ತೋಟ ನಿಂತಿತು.

1878ರ ಅರಣ್ಯ ಕಾಯ್ದೆ ಬಂದ ಮೇಲೆ ಕಾಡಿಗೆ ಗಡಿ ಬಿತ್ತು. ಇದು ಸರ್ಕಾರದ್ದು, ಇದು ನಿಮಗೆ ಬಿಟ್ಟದ್ದು ಅಂತ ಗುರುತು ಹಾಕಿದರು. ನಮ್ಮ ಘಟ್ಟದ ಮೇಲಿನ ತಾಲೂಕುಗಳಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ ಬಳಸೋ ಸವಲತ್ತು ಇತ್ತು. ಕಾಗದದಲ್ಲಿ ಅದು "ಸವಲತ್ತು", ಹಕ್ಕು ಅಂತ ಬರೆದಿರಲಿಲ್ಲ. ಹಕ್ಕಾದರೆ ಕೇಳಬಹುದು. ಸವಲತ್ತಾದರೆ ಬೇಡಬೇಕು.

ಈ ಒಂದು ಶಬ್ದದ ವ್ಯತ್ಯಾಸದಲ್ಲಿ ಹಳ್ಳಿಯವರ ದಿನದಿನದ ಕಿರಿಕಿರಿ ಎಲ್ಲ ಇತ್ತು. ಯಾವ ಮರದ ಟೊಂಗೆ ಕಡಿಯಬಹುದು, ದನ ಎಲ್ಲಿವರೆಗೆ ಮೇಯಬಹುದು, ಬಿದ್ದ ಮರ ತರಬಹುದಾ ಅನ್ನೋದೆಲ್ಲ ಎದುರಿಗೆ ನಿಂತ ಗಾರ್ಡ್ ಅವತ್ತು ಏನು ಹೇಳ್ತಾನೋ ಅದರ ಮೇಲೆ. ನಿಯಮ ಇಂಗ್ಲಿಷಲ್ಲಿ, ದಂಡ ಕನ್ನಡದಲ್ಲಿ.

ಇವತ್ತಿನ ಕೌಂಟರ್ ನೆನಪಾಯಿತಾ? "ಸರ್ವರ್ ಡೌನ್", "ನಾಳೆ ಬನ್ನಿ", "ಇದು ನಮ್ಮ ಸೆಕ್ಷನ್ ಅಲ್ಲ." ಸಿಟ್ಟು ಬರೋದು ಕೆಲಸ ತಡ ಆಯಿತು ಅಂತ ಮಾತ್ರ ಅಲ್ಲ. ನಿಯಮ ಏನು ಅಂತ ನಮಗೆ ಗೊತ್ತಾಗದ ಹಾಗೆ ಇಟ್ಟಿದ್ದಾರಲ್ಲ, ಅದಕ್ಕೆ. ಕೇಳೋ ಹಕ್ಕನ್ನು ಬೇಡೋ ಸವಲತ್ತಾಗಿ ಮಾಡೋದು ಆಡಳಿತದ ಹಳೇ ಚಾಳಿ.

4/10
ಕೊಡೋದಿಲ್ಲ ಅಂದವರು

1930ರ ಏಪ್ರಿಲ್‌ನಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ. ಆ ಕಾವು ಘಟ್ಟ ಹತ್ತಿ ಸಿದ್ದಾಪುರಕ್ಕೂ ಬಂತು. ಬೆಲೆ ಬಿದ್ದ ವರ್ಷಗಳು ಅವು. ಜಗತ್ತಿಗೆಲ್ಲ ಆರ್ಥಿಕ ಮುಗ್ಗಟ್ಟು, ಇಲ್ಲಿ ಅಡಿಕೆಗೆ ಭತ್ತಕ್ಕೆ ದರ ಇಲ್ಲ, ಕಂದಾಯ ಮಾತ್ರ ಪೂರ್ತಿ. ಅಂಕೋಲೆ, ಸಿದ್ದಾಪುರ ತಾಲೂಕುಗಳ ರೈತರು ಕರನಿರಾಕರಣೆಗೆ ಇಳಿದರು.

ಇವತ್ತು ನಾವು "ಕರನಿರಾಕರಣೆ" ಅಂತ ಪರೀಕ್ಷೆಗೆ ಓದಿ ಎರಡು ಅಂಕ ತಗೊಂಡು ಮರೀತೀವಿ. ಆಗ ಅದರ ಅರ್ಥ ಏನಾಗಿತ್ತು ಗೊತ್ತಾ? ಪೊಲೀಸರು ಅಂಗಳಕ್ಕೆ ಬರೋದು. ಪಾತ್ರೆ ಪಗಡ, ದನಕರು ಜಪ್ತಿ. ತಲೆತಲಾಂತರದ ತೋಟ ಹರಾಜು. ಗಂಡಸರು ಜೈಲಿಗೆ, ಹೆಂಗಸರೂ ಜೈಲಿಗೆ.

ಮಾತಾಡೋಕೂ ಬೀಗ ಬಿದ್ದಿತ್ತು. 1931ರ ಪತ್ರಿಕಾ ತುರ್ತು ಅಧಿಕಾರ ಕಾಯ್ದೆ ಪ್ರಕಾರ, ಸರ್ಕಾರಕ್ಕೆ ಸರಿ ಕಾಣದ್ದನ್ನು ಅಚ್ಚು ಹಾಕಿದರೆ ಮುದ್ರಣಾಲಯದವರು ಠೇವಣಿ ಇಡಬೇಕು, ಇಟ್ಟ ಠೇವಣಿ ಮುಟ್ಟುಗೋಲು ಆಗಬಹುದು. ಹಾಗಾಗಿ ಸುದ್ದಿ ಗುಟ್ಟಾಗಿ ಓಡಾಡಿತು. ಸೈಕ್ಲೋಸ್ಟೈಲ್ ಮಾಡಿದ ಬುಲೆಟಿನ್‌ಗಳು ಕೈಯಿಂದ ಕೈಗೆ ಹೋದವು. ಸಿಕ್ಕಿಬಿದ್ದರೆ ಶಿಕ್ಷೆ. ಆದರೂ ಹಂಚಿದರು.

ಈಗ ಫಾರ್ವರ್ಡ್ ಮಾಡೋದು ಅಂದ್ರೆ ಒಂದು ಬೆರಳಿನ ಕೆಲಸ. ಆಗ ಒಂದು ಹಾಳೆ ದಾಟಿಸೋದು ಅಂದ್ರೆ ಮನೆ ಪಣಕ್ಕಿಟ್ಟ ಹಾಗೆ. ಅದಕ್ಕೇ ಇರಬೇಕು, ಆ ಹಾಳೆಯಲ್ಲಿ ಪೊಳ್ಳು ಮಾತಿಗೆ ಜಾಗ ಇರಲಿಲ್ಲ. ಯಾವ ಊರು, ಯಾರ ಮನೆ, ಏನು ಜಪ್ತಿ ಆಯಿತು ಅನ್ನೋದೇ ಸುದ್ದಿ.

5/10
ಕೊಂಡವರ ಬಾಗಿಲಲ್ಲಿ ಕೂತವರು

ಸಿದ್ದಾಪುರದಿಂದ ಜೋಗಕ್ಕೆ ಹೋಗೋ ದಾರಿಯಲ್ಲಿ ಮಾವಿನಗುಂಡಿ ಸಿಗುತ್ತೆ. ಜಲಪಾತ ನೋಡೋ ಅವಸರದಲ್ಲಿ ನಾವು ಗಾಡಿ ನಿಲ್ಲಿಸೋದಿಲ್ಲ. ಅಲ್ಲಿ ಮಹಿಳಾ ಸತ್ಯಾಗ್ರಹದ ಸ್ಮಾರಕ ಇದೆ. ಮುಂದಿನ ಸಲ ನಿಲ್ಲಿಸಿ.

ಜಪ್ತಿ ಆದ ಜಮೀನನ್ನು ಹರಾಜಲ್ಲಿ ಕೊಂಡವರೂ ಇದ್ದರು. 1932ರಲ್ಲಿ ಸಿದ್ದಾಪುರ ಸೀಮೆಯ ಹೆಂಗಸರು ಅಂಥವರ ಮನೆ ಬಾಗಿಲಿಗೇ ಹೋಗಿ ಸತ್ಯಾಗ್ರಹ ಕೂತರು, ಉಪವಾಸ ಮಾಡಿದರು. ಗಂಡಸರು ಬಹಳ ಮಂದಿ ಜೈಲಲ್ಲಿ ಇದ್ದ ಹೊತ್ತು ಅದು. ಊರ ಹೊರಗಿನ ಸಭೆಗೆ ಹೋಗಿ ರೂಢಿ ಇಲ್ಲದ ಹೆಂಗಸರು ಬೇರೆಯವರ ಅಂಗಳದಲ್ಲಿ ಹಸಿದು ಕೂತಿದ್ದರು.

ಇಲ್ಲಿ ಒಂದು ಕ್ಷಣ ನಿಲ್ಲಿ. ಅವರು ಸರ್ಕಾರಕ್ಕೆ ಬೈದು ಸುಮ್ಮನಾಗಬಹುದಿತ್ತು. ಸರ್ಕಾರ ಮುಂಬಯಿಯಲ್ಲಿ, ಅದಕ್ಕೆ ಕಿವಿ ಕೇಳಿಸೋದಿಲ್ಲ. ಆದರೆ ಹರಾಜಲ್ಲಿ ಕೊಳ್ಳೋವವರೇ ಇಲ್ಲದಿದ್ದರೆ ಜಪ್ತಿಗೆ ಏನು ಬೆಲೆ? ಇಡೀ ಯಂತ್ರ ಯಾವ ಬಾಗಿಲಿನ ಮೇಲೆ ನಿಂತಿದೆ ಅಂತ ಅವರಿಗೆ ಗೊತ್ತಿತ್ತು. ಆ ಬಾಗಿಲಿಗೇ ಹೋದರು.

1934ರಲ್ಲಿ ಹರಿಜನ ಪ್ರವಾಸದ ಹೊತ್ತಲ್ಲಿ ಗಾಂಧೀಜಿ ಶಿರಸಿ, ಸಿದ್ದಾಪುರಕ್ಕೆ ಬಂದರು. 1937ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ, ಕಳೆದುಕೊಂಡ ಜಮೀನನ್ನು ರೈತರಿಗೆ ಮರಳಿಸುವ ಕೆಲಸ ಆಯಿತು. ನಡುವೆ ಐದಾರು ವರ್ಷ. ಐದಾರು ವರ್ಷ ತೋಟ ಇಲ್ಲದೆ ಬದುಕೋದು ಹೇಗೆ ಅಂತ ಅಡಿಕೆ ಬೆಳೆಗಾರರ ಮನೆಯವರನ್ನೇ ಕೇಳಿ.

ಮಾತಿನ ಸ್ವಾತಂತ್ರ್ಯ ಪುಕ್ಕಟೆ ಬಂದದ್ದಲ್ಲ ಅಂತ ನಾವು ಸುಲಭವಾಗಿ ಹೇಳಿಬಿಡ್ತೀವಿ. ನಮ್ಮ ತಾಲೂಕಿನ ಮಟ್ಟಿಗೆ ಅದರ ಬೆಲೆ ಸರ್ವೆ ನಂಬರಿನ ಸಮೇತ ಹೇಳಬಹುದಾದಷ್ಟು ಸ್ಪಷ್ಟ.

6/10
ಬೇಡ್ತಿ: ಲೆಕ್ಕ ಕೇಳಿದ ಸೊಸೈಟಿ

ಈಗ ಸ್ವತಂತ್ರ ಭಾರತಕ್ಕೆ ಬರೋಣ. ಬೇಡ್ತಿ ನದಿ ಯಲ್ಲಾಪುರದ ಮಾಗೋಡಿನಲ್ಲಿ ಧುಮುಕಿ, ಕೆಳಗೆ ಗಂಗಾವಳಿ ಆಗಿ ಸಮುದ್ರ ಸೇರುತ್ತೆ. 1970ರ ದಶಕದ ಕೊನೆಗೆ ಅಲ್ಲಿ ಜಲವಿದ್ಯುತ್ ಯೋಜನೆ ಬಂತು. ಅಡಿಕೆ ತೋಟ, ಯಾಲಕ್ಕಿ, ಕಾಳುಮೆಣಸು, ಕಾಡು ಎಲ್ಲ ಮುಳುಗಬೇಕು.

ವಿರೋಧ ಎದ್ದಿತು. ಆದರೆ ಇಲ್ಲಿ ಆದದ್ದು ಬೇರೆ ಕಡೆ ಆದ ಹಾಗಲ್ಲ. ಶಿರಸಿಯಲ್ಲಿ 1923ರಲ್ಲಿ ಹುಟ್ಟಿದ ತೋಟಗಾರ್ಸ್ ಸೇಲ್ ಸೊಸೈಟಿ ಇತ್ತಲ್ಲ, ನಾವೆಲ್ಲ ಟಿಎಸ್ಎಸ್ ಅನ್ನೋದು, ಆ ಸೊಸೈಟಿ ಮುಂದೆ ಬಂತು. ಅಡಿಕೆ ಮಾರಾಟಕ್ಕೆ ಹುಟ್ಟಿದ ಸಂಸ್ಥೆ. ಅದಕ್ಕೆ ವ್ಯಾಪಾರದ ಭಾಷೆ ಗೊತ್ತಿತ್ತು. ಅದು ಕೇಳಿದ ಪ್ರಶ್ನೆ ಇಷ್ಟೇ: ನಿಮ್ಮ ಲಾಭ ನಷ್ಟದ ಪಟ್ಟಿ ಸರಿ ಇದೆಯಾ?

ತಜ್ಞರನ್ನು ಕರೆಸಿದರು, ಯೋಜನೆಯ ಅಧ್ಯಯನ ಮಾಡಿಸಿದರು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಅವರಂಥವರು ಇದರಲ್ಲಿ ತೊಡಗಿಕೊಂಡರು. 1981ರ ಆರಂಭದಲ್ಲಿ ಶಿರಸಿಯಲ್ಲಿ ವಿಚಾರ ಸಂಕಿರಣ ಆಯಿತು. ಮುಳುಗುವ ತೋಟದ ಬೆಲೆ ಎಷ್ಟು, ಹೋಗುವ ಕಾಡಿನ ಬೆಲೆ ಎಷ್ಟು, ಅದನ್ನೆಲ್ಲ ಸೇರಿಸಿದರೆ ವಿದ್ಯುತ್ ನಿಜಕ್ಕೂ ಅಗ್ಗ ಬೀಳುತ್ತಾ ಅಂತ ಲೆಕ್ಕ ಹಾಕಿದರು. ಸರ್ಕಾರದ ಲೆಕ್ಕ ನಿಲ್ಲಲಿಲ್ಲ. ಯೋಜನೆ ಕೈಬಿಟ್ಟರು.

ದೊಡ್ಡ ಅಣೆಕಟ್ಟನ್ನು ದೇಶದ ದೇವಾಲಯ ಅಂತ ನೋಡೋ ಕಾಲ ಅದು. ಅಂಥ ಹೊತ್ತಲ್ಲಿ ಒಂದು ಮಾರಾಟ ಸಹಕಾರಿ ಸಂಘ ಕೂತು ಸರ್ಕಾರದ ಯೋಜನೆಯನ್ನು ಆಡಿಟ್ ಮಾಡಿತು ಅಂದ್ರೆ ಸಣ್ಣ ಮಾತಲ್ಲ.

ಇನ್ನೊಂದು ವಿಷಯ. ಬೇಡ್ತಿ–ವರದಾ ನದಿ ಜೋಡಣೆ ಅಂತ ಹೊಸ ಹೆಸರಿನಲ್ಲಿ ಪ್ರಸ್ತಾಪ ಬಂದಾಗ ಜನ ಮತ್ತೆ ಎದ್ದರು. ಹಳೇ ದೂರಿಗೆ ಮನೆ ಇತ್ತು, ಕಾಗದ ಇತ್ತು, ನೆನಪಿತ್ತು. ಹೊಸದಾಗಿ ಒಂದರಿಂದ ಶುರು ಮಾಡಬೇಕಾಗಿ ಬರಲಿಲ್ಲ.

7/10
ಸಾಲ್ಕಣಿಯ 38 ದಿನ

1983ರ ಸೆಪ್ಟೆಂಬರ್ 8. ಶಿರಸಿ ತಾಲೂಕಿನ ಸಾಲ್ಕಣಿ ಸುತ್ತಿನ ಗಂಡಸರು, ಹೆಂಗಸರು, ಮಕ್ಕಳು ಕಳಾಸೆ ಕಾಡಿಗೆ ನಡೆದು ಹೋಗಿ ಮರ ತಬ್ಬಿಕೊಂಡರು. ಹಿಮಾಲಯದ ಚಿಪ್ಕೋ ನಮ್ಮಲ್ಲಿ "ಅಪ್ಪಿಕೋ" ಆಯಿತು. ಪಾಂಡುರಂಗ ಹೆಗಡೆಯವರ ಹೆಸರು ಈ ಚಳವಳಿಯ ಜತೆ ಸೇರಿಹೋಗಿದೆ. ಸುಂದರಲಾಲ ಬಹುಗುಣರೂ ಈ ಸೀಮೆಗೆ ಬಂದಿದ್ದರು.

ಇಲಾಖೆಯ ವಾದ ಸರಳ. ನಾವು ವೈಜ್ಞಾನಿಕವಾಗಿ, ಎಕರೆಗೆ ಇಷ್ಟೇ ಮರ ಅಂತ ಗುರುತು ಹಾಕಿ ಕಡಿಸ್ತಿದ್ದೇವೆ, ಏನೂ ಆಗೋದಿಲ್ಲ. ಊರವರು ವಾದಕ್ಕೆ ಕೂರಲಿಲ್ಲ. ಬನ್ನಿ, ಕಾಡಿಗೆ ಹೋಗೋಣ ಅಂದರು. ಒಂದು ದೊಡ್ಡ ಮರ ಬಿದ್ದಾಗ ಸುತ್ತ ಎಷ್ಟು ಮರ ಮುರಿದವು, ಎಳೆದು ತಂದ ದಾರಿಯಲ್ಲಿ ಎಷ್ಟು ಸಸಿ ಹೋದವು, ಅದನ್ನು ಸ್ಥಳದಲ್ಲೇ ತೋರಿಸಿದರು. ಫೈಲಿನ ಲೆಕ್ಕ ಒಂದು, ನೆಲದ ಲೆಕ್ಕ ಇನ್ನೊಂದು.

38 ದಿನ ಆದ ಮೇಲೆ ಕಡಿಯೋ ಆದೇಶ ವಾಪಸ್ಸಾಯಿತು. ಚಳವಳಿ ಅಲ್ಲಿಗೆ ಮುಗಿಯಲಿಲ್ಲ. ಪಾದಯಾತ್ರೆ, ಸ್ಲೈಡ್ ಶೋ, ಬೀದಿನಾಟಕ ಹೀಗೆ ಊರಿಂದ ಊರಿಗೆ ಹೋಯಿತು. "ಉಳಿಸು, ಬೆಳೆಸು, ಬಳಸು" ಅನ್ನೋ ಮೂರು ಶಬ್ದ ಎಲ್ಲರ ಬಾಯಲ್ಲಿ ಕೂತಿತು. ಮುಂದಿನ ವರ್ಷಗಳಲ್ಲಿ ಸರ್ಕಾರ ಪಶ್ಚಿಮಘಟ್ಟದ ಸಹಜ ಕಾಡಿನಲ್ಲಿ ಹಸಿ ಮರ ಕಡಿಸೋದನ್ನೇ ನಿಲ್ಲಿಸಿತು.

ಸ್ಲೈಡ್ ಶೋ ಅಂದ್ನಲ್ಲ, ನಗಬೇಡಿ. ಆ ಕಾಲಕ್ಕೆ ಅದೇ ಫೋಟೋ ಶೇರಿಂಗ್. ಒಂದು ವ್ಯತ್ಯಾಸ ಅಂದ್ರೆ, ಸ್ಲೈಡ್ ನೋಡಿದವರು ಒಂದೇ ಕೋಣೆಯಲ್ಲಿ ಕೂತಿರುತ್ತಿದ್ದರು. ನೋಡಿ ಮುಗಿದ ಮೇಲೆ ಕವಳ ಹಾಕ್ತಾ ಮುಂದೇನು ಅಂತ ಮಾತಾಡಿಯೇ ಏಳುತ್ತಿದ್ದರು.

8/10
"ಕೇಸ್ ಆಗುತ್ತೆ" ಅನ್ನೋ ಹೆದರಿಕೆ

ಈಗ ಮೊದಲ ಪೋಸ್ಟಿನ ಆ ಹಿತವಚನಕ್ಕೆ ಬರೋಣ. ಡಿಲೀಟ್ ಮಾಡು ಅಂದ್ರಲ್ಲ, ಅದು ಸುಮ್ಮನೆ ಹುಟ್ಟಿದ ಹೆದರಿಕೆ ಅಲ್ಲ.

ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರಲ್ಲಿ ತಿದ್ದುಪಡಿ ಮಾಡಿ 66ಎ ಅಂತ ಒಂದು ಕಲಂ ಸೇರಿಸಿದರು. ಆನ್‌ಲೈನ್‌ನಲ್ಲಿ "ಕಿರಿಕಿರಿ" ಆಗೋ ಹಾಗೆ, "ಅನಾನುಕೂಲ" ಆಗೋ ಹಾಗೆ ಬರೆದರೂ ಮೂರು ವರ್ಷದವರೆಗೆ ಜೈಲು ಆಗಬಹುದಿತ್ತು. ಯಾರಿಗೆ ಕಿರಿಕಿರಿ, ಎಷ್ಟು ಕಿರಿಕಿರಿ? ಅದನ್ನು ಠಾಣೆಯವರೇ ತೀರ್ಮಾನಿಸಬೇಕು. 2012ರ ನವೆಂಬರ್‌ನಲ್ಲಿ ಬಾಳ ಠಾಕ್ರೆ ತೀರಿಕೊಂಡಾಗ ಮುಂಬಯಿ ಬಂದ್ ಆದದ್ದನ್ನು ಪ್ರಶ್ನಿಸಿ ಪಾಲ್ಘರ್‌ನ ಯುವತಿಯೊಬ್ಬಳು ಫೇಸ್‌ಬುಕ್‌ನಲ್ಲಿ ಬರೆದಳು, ಇನ್ನೊಬ್ಬಳು ಲೈಕ್ ಮಾಡಿದಳು. ಇಬ್ಬರನ್ನೂ ಬಂಧಿಸಿದರು.

ಕಾನೂನು ವಿದ್ಯಾರ್ಥಿನಿ ಶ್ರೇಯಾ ಸಿಂಘಾಲ್ ಸುಪ್ರೀಂ ಕೋರ್ಟಿಗೆ ಹೋದರು. 2015ರ ಮಾರ್ಚ್ 24ಕ್ಕೆ ಕೋರ್ಟು 66ಎ ಅನ್ನು ಪೂರ್ತಿ ರದ್ದು ಮಾಡಿತು. ಚರ್ಚೆ ಮಾಡೋದು, ಒಂದು ಅಭಿಪ್ರಾಯವನ್ನು ಬಲವಾಗಿ ಸಾರೋದು, ಅಪರಾಧಕ್ಕೆ ಪ್ರಚೋದಿಸೋದು ಈ ಮೂರೂ ಬೇರೆ ಬೇರೆ, ಮೊದಲ ಎರಡು ಎಷ್ಟೇ ಕಹಿ ಆದರೂ ಸಂವಿಧಾನದ ರಕ್ಷಣೆ ಇದೆ ಅನ್ನೋದು ತೀರ್ಪಿನ ತಿರುಳು. ಆಮೇಲೂ ಪೊಲೀಸರು ಅದೇ ಕಲಂ ಹಾಕ್ತಾ ಇದ್ದರು. 2022ರಲ್ಲಿ ಕೋರ್ಟು ಮತ್ತೊಮ್ಮೆ ಹೇಳಬೇಕಾಯಿತು, ಸತ್ತ ಕಲಂ ಕೆಳಗೆ ಕೇಸ್ ನಡೆಸಬೇಡಿ ಅಂತ. ಕೊರೋನಾ ಹೊತ್ತಲ್ಲಿ, 2021ರ ಏಪ್ರಿಲ್ 30ಕ್ಕೆ, ಆಕ್ಸಿಜನ್ ಇಲ್ಲ ಬೆಡ್ ಇಲ್ಲ ಅಂತ ಆನ್‌ಲೈನ್‌ನಲ್ಲಿ ಅಳಲು ಹೇಳಿಕೊಂಡ ಜನರ ಬಾಯಿ ಮುಚ್ಚಿಸಬೇಡಿ ಅಂತಲೂ ಕೋರ್ಟು ರಾಜ್ಯಗಳಿಗೆ ಎಚ್ಚರಿಸಿತ್ತು.

ಮಾನಹಾನಿ ಕಾನೂನು ಮಾತ್ರ ಇನ್ನೂ ಇದೆ. 2016ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದಿದೆ. ಹಳೇ ದಂಡ ಸಂಹಿತೆಯ 499, ಈಗ ನ್ಯಾಯ ಸಂಹಿತೆಯ 356. ಆದರೆ ಅದರಲ್ಲೇ ವಿನಾಯಿತಿಗಳಿವೆ, ಅವನ್ನು ಯಾರೂ ಹೇಳಿಕೊಡೋದಿಲ್ಲ. ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯ ಮಾನಹಾನಿ ಅಲ್ಲ. ಸರ್ಕಾರಿ ನೌಕರರು ಕೆಲಸದಲ್ಲಿ ನಡೆದುಕೊಂಡ ರೀತಿಯ ಬಗ್ಗೆ ಒಳ್ಳೇ ನಂಬಿಕೆಯಿಂದ ಹೇಳಿದ ಅಭಿಪ್ರಾಯ ಮಾನಹಾನಿ ಅಲ್ಲ. ಕೇಳೋ ಅಧಿಕಾರ ಇರುವವರ ಮುಂದೆ ಒಳ್ಳೇ ನಂಬಿಕೆಯಿಂದ ಕೊಟ್ಟ ದೂರೂ ಮಾನಹಾನಿ ಅಲ್ಲ.

"ಇಂಥ ದಿನ ಅರ್ಜಿ ಕೊಟ್ಟೆ, ಇವತ್ತಿಗೆ ಅರವತ್ತು ದಿನ, ಉತ್ತರ ಇಲ್ಲ" ಅಂತ ಬರೆದರೆ ನೀವು ಗಟ್ಟಿ ನೆಲದ ಮೇಲೆ ನಿಂತಿದ್ದೀರಿ. "ಆ ಕಳ್ಳ ದುಡ್ಡು ತಿಂದಿದ್ದಾನೆ" ಅಂತ ಆಧಾರ ಇಲ್ಲದೆ ಬರೆದರೆ ಕೆಸರಲ್ಲಿ.

9/10
ಆಸ್ಪತ್ರೆ ಕೇಳಿದ ಹ್ಯಾಷ್‌ಟ್ಯಾಗ್

2019ರ ಜೂನ್. ಉತ್ತರ ಕನ್ನಡಕ್ಕೆ ತುರ್ತು ಚಿಕಿತ್ಸೆಯ ಒಳ್ಳೇ ಆಸ್ಪತ್ರೆ ಬೇಕು ಅಂತ ಜಿಲ್ಲೆಯ ಯುವಕರು ಟ್ವಿಟರ್‌ನಲ್ಲಿ ಅಭಿಯಾನ ಎಬ್ಬಿಸಿದರು. ಅಪಘಾತ ಆದರೆ, ಎದೆನೋವು ಬಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಇಲ್ಲವೇ ಗೋವಾ. ದಾರಿಯಲ್ಲಿ ಜೀವ ಹೋಗೋದು ನಮಗೆ ಹೊಸ ಸುದ್ದಿ ಅಲ್ಲ. ಹ್ಯಾಷ್‌ಟ್ಯಾಗ್ ಟ್ರೆಂಡ್ ಆಯಿತು. ಮುಖ್ಯಮಂತ್ರಿಯ ಮಟ್ಟದಿಂದ ಪ್ರತಿಕ್ರಿಯೆ ಬಂತು. ಆಮೇಲೆ ತಣ್ಣಗಾಯಿತು.

2022ರ ಜುಲೈ 20. ಹೊನ್ನಾವರದಿಂದ ರೋಗಿಯನ್ನು ಕರೆದುಕೊಂಡು ಕುಂದಾಪುರದ ಕಡೆ ಹೋಗ್ತಿದ್ದ ಆಂಬುಲೆನ್ಸ್ ಬೈಂದೂರು ಹತ್ತಿರ ಶಿರೂರು ಟೋಲ್‌ಗೇಟಿನಲ್ಲಿ ಉರುಳಿ ನಾಲ್ವರು ತೀರಿಕೊಂಡರು. ಜಿಲ್ಲೆಗೆ ಜಿಲ್ಲೆಯೇ ಸಿಡಿದೆದ್ದಿತು. ಈ ಸಲ ಘೋಷಣೆ ಇನ್ನೂ ಖಡಕ್ಕು: ಆಸ್ಪತ್ರೆ ಇಲ್ಲ ಅಂದ್ರೆ ವೋಟಿಲ್ಲ. ಮತ್ತೆ ಭರವಸೆ ಬಂತು. 2023ರ ಚುನಾವಣೆ ಬಂತು, ಹೋಯಿತು. ಅಷ್ಟು ಹೊತ್ತಿಗೂ ಆಸ್ಪತ್ರೆ ಎದ್ದಿರಲಿಲ್ಲ.

ಹಾಗಂತ ಹ್ಯಾಷ್‌ಟ್ಯಾಗ್ ದಂಡ ಅಂತ ನಾನು ಹೇಳೋದಿಲ್ಲ. ವರ್ಷಗಟ್ಟಲೆ ಕಾಗದದ ಮನವಿಗಳು ಮಾಡದ್ದನ್ನು ಅದು ಎರಡು ದಿನದಲ್ಲಿ ಮಾಡಿತು, ಇಡೀ ರಾಜ್ಯಕ್ಕೆ ನಮ್ಮ ಸಂಕಟ ಕೇಳಿಸಿತು. ಜನ ಕೂಗೋದಕ್ಕೆ ಕಲಿತದ್ದು ಯಾಕೆ? ಮೆಲ್ಲಗೆ ಹೇಳಿದಾಗ ಯಾರೂ ಕೇಳಲಿಲ್ಲವಲ್ಲ, ಅದಕ್ಕೆ. ಕೂಗಿದವರನ್ನು ದೂರೋ ಮೊದಲು ಕಿವಿ ಮುಚ್ಚಿಕೊಂಡವರನ್ನು ಕೇಳಬೇಕು.

ಆದರೆ ಬೇಡ್ತಿಯ ಪಕ್ಕ ಇದನ್ನಿಟ್ಟು ನೋಡಿ. ಬೇಡ್ತಿಯ ದೂರಿಗೆ ಒಂದು ವಿಳಾಸ ಇತ್ತು. ಸರ್ಕಾರ ಉತ್ತರ ಕೊಡದಿದ್ದರೆ ಮರುದಿನವೂ ಅದೇ ಸೊಸೈಟಿ, ಅದೇ ಫೈಲು, ಅದೇ ಜನ. ಹ್ಯಾಷ್‌ಟ್ಯಾಗಿಗೆ ಲಕ್ಷ ಬಾಯಿ ಇತ್ತು. ಮೂರನೇ ವಾರಕ್ಕೆ "ಸ್ವಾಮಿ, ಹೋದ ವಾರ ಕೊಟ್ಟ ಮಾತು ಎಲ್ಲಿಗೆ ಬಂತು?" ಅಂತ ಕೇಳೋಕೆ ಒಂದು ಜಗಲಿ ಬೇಕು. ಅದು ಇರುವಷ್ಟು ಗಟ್ಟಿಯಾಗಿ ಇರಲಿಲ್ಲ. ಕೇಳಿಸಿತು, ಉಳಿಯಲಿಲ್ಲ. ಭರವಸೆ ಕೊಡುವವರಿಗೂ ಇದು ಗೊತ್ತು. ಟ್ರೆಂಡ್ ಮುಗಿಯೋವರೆಗೆ ಕಾದರೆ ಸಾಕು ಅಂತ.

ನಮ್ಮ ನೆರೆಯ ಉಡುಪಿಯಲ್ಲಿ ರವೀಂದ್ರನಾಥ ಶಾನುಭಾಗರ ಬಳಕೆದಾರರ ವೇದಿಕೆ ಎಷ್ಟೋ ಸಣ್ಣ ಜನರ ಸಣ್ಣ ದೂರುಗಳನ್ನು ಹಿಡಿದು ಕೊನೆಮುಟ್ಟಿಸಿದ್ದು ಇಂಥ ಜಗಲಿ ಇದ್ದದ್ದಕ್ಕೇ.

10/10
ನಿಮ್ಮ ದೂರಿಗೆ ಯಾವ ಜಗಲಿ?

ಕೂಟ, ಸತ್ಯಾಗ್ರಹ, ಸೊಸೈಟಿ, ಕಾಡಿನ ನಡಿಗೆ, ಹ್ಯಾಷ್‌ಟ್ಯಾಗ್. ಎಲ್ಲ ನೋಡಿದ ಮೇಲೆ ನನಗೆ ಕಾಣೋದು ಇಷ್ಟು. ಗೆದ್ದ ದೂರುಗಳಲ್ಲಿ ಮೂರು ಗುಣ ಇದ್ದವು. ಸರಿಯಾದ ಬಾಗಿಲು ಹಿಡಿದಿದ್ದವು. ಕೈಯಲ್ಲಿ ಲೆಕ್ಕ ಇತ್ತು. ಮರುದಿನವೂ ಅಲ್ಲೇ ಇದ್ದವು.

ಇವತ್ತು ಬಾಗಿಲುಗಳು ಕಮ್ಮಿ ಏನಿಲ್ಲ. ಸೇವ್ ಮಾಡಿಟ್ಟುಕೊಳ್ಳಿ.

ಸರ್ಕಾರಿ ಕಚೇರಿಯಲ್ಲಿ ಕೆಲಸ ತಡ ಆದರೆ ಸಕಾಲ. 2011ರ ಕಾಯ್ದೆ, 2012ರಲ್ಲಿ ಜಾರಿಗೆ ಬಂತು. ಅರ್ಜಿ ಕೊಟ್ಟಾಗ ಸಕಾಲ ನಂಬರ್ ಇರುವ ಸ್ವೀಕೃತಿ ಕೇಳಿ ಪಡೀರಿ. ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಅಂತ ಕಾಯ್ದೆ ಹೇಳುತ್ತೆ. ದುಡ್ಡು ಸಣ್ಣದು. ಆದರೆ ಬೇಡೋ ಸವಲತ್ತು ಕೇಳೋ ಹಕ್ಕಾಗೋದು ಆ ಸ್ವೀಕೃತಿಯಿಂದಲೇ. ಮೂರನೇ ಪೋಸ್ಟ್ ನೆನಪಿಸಿಕೊಳ್ಳಿ.

ನಿಯಮ ಏನು, ಫೈಲ್ ಎಲ್ಲಿದೆ ಅಂತ ಗೊತ್ತಾಗದಿದ್ದರೆ ಮಾಹಿತಿ ಹಕ್ಕು. ಕರ್ನಾಟಕ 2000ದಲ್ಲೇ ಸ್ವಂತ ಕಾಯ್ದೆ ಮಾಡಿತ್ತು, ದೇಶದ ಕಾಯ್ದೆ ಬಂದದ್ದು 2005ರಲ್ಲಿ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದಲ್ಲಿ ಉತ್ತರ. ಬೆಳೆ ವಿಮೆ ದುಡ್ಡು ಕಮ್ಮಿ ಬಂತು ಅಂತಿಟ್ಟುಕೊಳ್ಳಿ. "ಮೋಸ" ಅಂತ ಬರೆಯೋದಕ್ಕಿಂತ, ನಮ್ಮ ಪಂಚಾಯ್ತಿಯ ಮಳೆಮಾಪನ ಯಂತ್ರ ಯಾವ ದಿನ ಎಷ್ಟು ಮಳೆ ತೋರಿಸಿತು, ಎಷ್ಟು ದಿನ ಕೆಟ್ಟಿತ್ತು ಅಂತ ಕೇಳಿ. ಬೇಡ್ತಿಯವರು ಮಾಡಿದ್ದೂ ಇದನ್ನೇ.

ರಾಜ್ಯ ಸರ್ಕಾರದ ಯಾವುದೇ ಇಲಾಖೆಯ ಕುಂದುಕೊರತೆಗೆ 1902.

ಕಂಪನಿ, ಬ್ಯಾಂಕು, ವಿಮೆ, ಆನ್‌ಲೈನ್ ಅಂಗಡಿ ಸತಾಯಿಸಿದರೆ ಮೊದಲು ಗ್ರಾಹಕ ಸಹಾಯವಾಣಿ 1915. ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 1986ರ ಹಳೇ ಕಾಯ್ದೆಯ ಜಾಗಕ್ಕೆ ಬಂದ 2019ರ ಕಾಯ್ದೆಯಲ್ಲಿ ನೀವಿರೋ ಜಿಲ್ಲೆಯಲ್ಲೇ ದೂರು ಹಾಕಬಹುದು, ಕಂಪನಿ ಮುಂಬಯಿಯಲ್ಲಿದೆ ಅಂತ ಅಲ್ಲಿಗೆ ಓಡಬೇಕಾಗಿಲ್ಲ. ಆನ್‌ಲೈನ್‌ನಲ್ಲೂ ಹಾಕಬಹುದು. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು. ಟೆಲಿಕಾಂ ಕಂಪನಿಗಳ ಮೇಲೂ ಅಲ್ಲಿ ದೂರು ನಡೆಯುತ್ತೆ ಅಂತ 2022ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಬಿಲ್ಲು, ಮೆಸೇಜು, ಕರೆ ಮಾಡಿದ ದಿನಾಂಕ ಇಟ್ಟುಕೊಂಡಿರಿ.

ಹಾಗಾದರೆ ಪೋಸ್ಟ್ ಹಾಕಬಾರದಾ? ಖಂಡಿತ ಹಾಕಿ. ಆದರೆ ಅರ್ಜಿ ಕೊಟ್ಟು, ಅದರ ಸ್ವೀಕೃತಿಯ ಫೋಟೋ ಸಮೇತ ಹಾಕಿ. ದಿನಾಂಕ ಬರೀರಿ, ಹುದ್ದೆ ಬರೀರಿ. ಅವರ ಮನೆಯವರ ಸುದ್ದಿ, ಜಾತಿ ಸುದ್ದಿ ಬೇಡ. ಆಮೇಲೆ ಅದೇ ತೊಂದರೆ ಇರೋ ಇನ್ನು ನಾಲ್ಕು ಜನರನ್ನು ಹುಡುಕಿ. ಯುವಕ ಮಂಡಳಿ, ಸ್ತ್ರೀಶಕ್ತಿ ಸಂಘ, ಸೊಸೈಟಿ, ಗ್ರಾಮಸಭೆ, ಯಾವುದೋ ಒಂದು. ತಿಂಗಳಿಗೊಮ್ಮೆ ಫೈಲ್ ತೆರೆದು "ಎಲ್ಲಿಗೆ ಬಂತು?" ಅಂತ ಕೇಳೋಕೆ ಒಬ್ಬರಾದರೂ ಇರಲಿ.

ಸಿದ್ದಾಪುರದ ಆ ಹೆಂಗಸರಿಗೆ ಫೋನ್ ಇರಲಿಲ್ಲ, ಓಟಿನ ಹಕ್ಕೂ ಹೆಚ್ಚಿನವರಿಗೆ ಇರಲಿಲ್ಲ. ಯಾವ ಬಾಗಿಲಲ್ಲಿ ಕೂರಬೇಕು ಅನ್ನೋದು ಗೊತ್ತಿತ್ತು, ಏಳದೆ ಕೂತರು. ನಮ್ಮ ಕೈಯಲ್ಲಿ ಇವತ್ತು ಎಲ್ಲವೂ ಇದೆ, ಕೂರೋ ಪುರುಸೊತ್ತು ಒಂದು ಬಿಟ್ಟು.

ನಿಮ್ಮೂರಲ್ಲಿ ಹೀಗೆ ಹಿಡಿದು ಗೆದ್ದ ದೂರು ಇದ್ದರೆ ಕಮೆಂಟಲ್ಲಿ ಬರೀರಿ. ಬೀದಿದೀಪ, ಬಸ್ಸು, ಕಾಲುಸಂಕ, ಎಷ್ಟೇ ಸಣ್ಣದಾದರೂ ಸರಿ. ಎಷ್ಟು ದಿನ ಹಿಡೀತು ಅಂತಲೂ ಬರೀರಿ, ಮುಂದಿನವರಿಗೆ ಅದೇ ದಾರಿ.

#ಶಿರಸಿ #ಸಿದ್ದಾಪುರ #ಯಲ್ಲಾಪುರ #ಉತ್ತರಕನ್ನಡ #ನಮ್ಮೂರಇತಿಹಾಸ #ಕರನಿರಾಕರಣೆ #ಮಾವಿನಗುಂಡಿ #ಬೇಡ್ತಿ #ಅಪ್ಪಿಕೋ #ಮಾತಿನಹಕ್ಕು